ದೂರದ ಚಾರಣಕ್ಕೆ ಯಾವ ಗೈಡ್‌ಬುಕ್, ಯಾವ ನಕ್ಷೆ, ಯಾವ ಆ್ಯಪ್?

ಪ್ರಶ್ನೆ: ಎರಡು-ಮೂರು ದಿನಗಳ ಚಾರಣ ಮಾಡಿ ಅಭ್ಯಾಸವಿದೆ. ಈಗ ಮೊದಲ ಬಾರಿಗೆ ಸುಮಾರು 40 ದಿನ, 800 ಕಿ.ಮೀ. ಒಂದೇ ಓಟದಲ್ಲಿ ನಡೆಯಬೇಕೆಂದಿದ್ದೇನೆ. ಆ ದಾರಿಗೆ ಮೂರು ಗೈಡ್‌ಬುಕ್‌ಗಳಿವೆ, ಒಂದು ಆ್ಯಪ್ ಇದೆ, ಜಿಪಿಎಕ್ಸ್ ಫೈಲುಗಳು (ದಾರಿಯನ್ನು ಜಿಪಿಎಸ್ ಬಿಂದುಗಳ ಗೆರೆಯಾಗಿ ಇಟ್ಟ ಫೈಲುಗಳು) ಪುಕ್ಕಟೆ ಸಿಗುತ್ತವೆ, ವಿಡಿಯೊಗಳಿಗಂತೂ ಲೆಕ್ಕವಿಲ್ಲ. ಒಂದರಲ್ಲಿರುವ ದೂರ ಇನ್ನೊಂದರಲ್ಲಿಲ್ಲ. ಯಾವುದನ್ನು ಕೊಳ್ಳಲಿ, ಯಾವುದನ್ನು ನಂಬಲಿ? ಎಲ್ಲವೂ ಫೋನಿನಲ್ಲೇ ಸಿಗುವಾಗ ಪುಸ್ತಕ ಬೇಕೇ?

ಉತ್ತರ: ಪುಸ್ತಕ ಬೇಕು, ಆದರೆ ಒಂದೇ ಸಾಕು. ಅದರ ಜೊತೆಗೆ ಇಡೀ ದಾರಿ ಕಾಣುವಂಥ ಕಾಗದದ ನಕ್ಷೆ ಒಂದು, ಆ್ಯಪ್ ಒಂದು. ಇವುಗಳಿಗೆ ದುಡ್ಡು ಹಾಕುವ ಮೊದಲು ಆ ದಾರಿಯ ಉಸ್ತುವಾರಿ ಹೊತ್ತ ಸಂಸ್ಥೆಯ ವೆಬ್‌ಸೈಟನ್ನು ಪೂರ್ತಿ ಓದಿ. ಅದು ಪುಕ್ಕಟೆ. ಮೂರು ಪುಸ್ತಕಗಳಲ್ಲಿ ಯಾವುದು ಹಳತಾಗಿದೆ ಎಂಬುದೂ ಅಲ್ಲೇ ಗೊತ್ತಾಗಿಬಿಡುತ್ತದೆ.

ದೂರಗಳು ತಾಳೆಯಾಗುತ್ತಿಲ್ಲ ಎಂದಿರಿ. ಯಾರೋ ತಪ್ಪು ಅಳೆದಿದ್ದಾರೆ ಎಂದೇನೂ ಅಲ್ಲ. ಚಾರಣದ ಮಾಹಿತಿಯೆಲ್ಲ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಬೆಟ್ಟದ ಏರು, ಕಣಿವೆಯ ದಿಕ್ಕು ನಿಮ್ಮ ಆಯುಷ್ಯದಲ್ಲಿ ಬದಲಾಗುವುದಿಲ್ಲ. ದಾರಿಯ ಜಾಡು, ತಂಗುದಾಣ, ಅಂಗಡಿ ವರ್ಷ-ಎರಡು ವರ್ಷಕ್ಕೆ ಬದಲಾಗುತ್ತವೆ. ಒರತೆಯಲ್ಲಿ ನೀರಿದೆಯೇ, ಬೆಟ್ಟ ದಾಟುವ ನೆತ್ತಿಯಲ್ಲಿ ಹಿಮ ಎಷ್ಟು, ಕಾಡ್ಗಿಚ್ಚಿಗೆ ದಾರಿ ಮುಚ್ಚಿದೆಯೇ ಎಂಬುದೆಲ್ಲ ವಾರಕ್ಕೊಂದು ಥರ. ಮೊದಲನೆಯದಕ್ಕೆ ನಕ್ಷೆ ಮತ್ತು ಪುಸ್ತಕ, ಎರಡನೆಯದಕ್ಕೆ ವರ್ಷವರ್ಷ ಪರಿಷ್ಕರಿಸುವ ಪಟ್ಟಿ, ಮೂರನೆಯದಕ್ಕೆ ಅಧಿಕೃತ ಸೂಚನೆ ಮತ್ತು ಈಚೆಗೆ ನಡೆದವರ ಟಿಪ್ಪಣಿ. ‘ಯಾವುದನ್ನು ನಂಬಲಿ’ ಎಂಬುದಕ್ಕೆ ಉತ್ತರ ನಿಮ್ಮ ಪ್ರಶ್ನೆ ಇವುಗಳಲ್ಲಿ ಯಾವ ಜಾತಿಯದು ಎಂಬುದರ ಮೇಲಿದೆ. ಬಹಳಷ್ಟು ಎಡವಟ್ಟು ಆಗುವುದು ಮೂರನೆಯ ಜಾತಿಯ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಹುಡುಕುವುದರಿಂದ.

ಮೊದಲ ಓದು ಉಸ್ತುವಾರಿ ಸಂಸ್ಥೆಯದು

ಹೆಸರುವಾಸಿ ದಾರಿಗಳಿಗೆಲ್ಲ ಒಂದು ಸಂಘವೋ ಟ್ರಸ್ಟೋ ಇರುತ್ತದೆ. ಅಮೆರಿಕದ ಅಪಲಾಚಿಯನ್ ಟ್ರೇಲ್‌ಗೆ ಅಪಲಾಚಿಯನ್ ಟ್ರೇಲ್ ಕನ್ಸರ್ವೆನ್ಸಿ, ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ಗೆ ಅದರದೇ ಅಸೋಸಿಯೇಷನ್, ನ್ಯೂಜಿಲೆಂಡಿನ ಟೆ ಅರರೋವಾಗೆ ಅದೇ ಹೆಸರಿನ ಟ್ರಸ್ಟ್, ಫ್ರಾನ್ಸಿನ ಜಿಆರ್ ಎಂಬ ದೂರದ ಚಾರಣ ದಾರಿಗಳಿಗೆ ಅಲ್ಲಿನ ಚಾರಣ ಒಕ್ಕೂಟ. ಇವುಗಳ ಸೈಟಿನಿಂದ ಈ ವರ್ಷದ ಅಧಿಕೃತ ಒಟ್ಟು ದೂರ, ಮುಚ್ಚಿರುವ ಭಾಗ ಮತ್ತು ಅದರ ಬದಲಿ ದಾರಿ, ಪರ್ಮಿಟ್ ನಿಯಮ, ಡೇರೆ ಹಾಕುವ ನಿಯಮ ಇಷ್ಟನ್ನು ಬರೆದಿಟ್ಟುಕೊಳ್ಳಿ. ನೋಡಿದ ತಾರೀಖನ್ನೂ ಪಕ್ಕದಲ್ಲಿ ಬರೆಯಿರಿ.

ಪರ್ಮಿಟ್ ಅಧ್ಯಾಯ ಪುಸ್ತಕದಲ್ಲಿ ಎಲ್ಲಕ್ಕಿಂತ ಬೇಗ ಹಳತಾಗುವ ಭಾಗ. ಆದರೆ ಇಡೀ ಯೋಜನೆ ಅದರ ಮೇಲೆ ನಿಂತಿರುತ್ತದೆ. ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ ಒಂದೇ ಸಲಕ್ಕೆ 500 ಮೈಲಿ, ಅಂದರೆ ಸುಮಾರು 800 ಕಿ.ಮೀ. ಮತ್ತು ಅದಕ್ಕಿಂತ ಹೆಚ್ಚು ನಡೆಯುವವರಿಗೆ ಪ್ರತ್ಯೇಕ ಪರ್ಮಿಟ್ ಇದೆ. ವಸಂತದಲ್ಲಿ ಮೆಕ್ಸಿಕೊ ಗಡಿಯಿಂದ ಉತ್ತರಕ್ಕೆ ಹೊರಡಲು ದಿನಕ್ಕೆ 50 ಜನರಿಗಷ್ಟೇ ಅದು ಸಿಗುತ್ತದೆ. ಅಂಥ ಕಡೆ ಹೊರಡುವ ದಿನವನ್ನು ಪರ್ಮಿಟ್ ಗೊತ್ತುಮಾಡುತ್ತದೆ, ನೀವಲ್ಲ; ಹಿಮ, ನೀರು, ಊಟದ ಲೆಕ್ಕವೆಲ್ಲ ಆ ದಿನದಿಂದ ಶುರು. ಮಾಂಟ್ ಬ್ಲಾಂಕ್ ಪರ್ವತದ ಸುತ್ತಿನ ಸುಮಾರು 170 ಕಿ.ಮೀ. ದಾರಿ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶ ಹಾಯ್ದು ಹೋಗುತ್ತದೆ. ಡೇರೆ ಹಾಕುವ ನಿಯಮ ಮೂರರಲ್ಲೂ ಒಂದೇ ಅಲ್ಲ. ‘ಕ್ಯಾಂಪಿಂಗ್ ಸಾಧ್ಯ’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಪುಸ್ತಕವನ್ನು ಅಲ್ಲೇ ಕೆಳಗಿಡಬಹುದು.

ಮುಚ್ಚಿದ ಭಾಗಗಳ ವಿಷಯಕ್ಕೆ ಒಂದು ಉದಾಹರಣೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಅಪಲಾಚಿಯನ್ ಟ್ರೇಲ್‌ನ ದಕ್ಷಿಣ ಭಾಗವನ್ನು ಜಾಲಾಡಿಬಿಟ್ಟಿತು. ಟೆನೆಸಿ ರಾಜ್ಯದ ಅರ್ವಿನ್ ಊರಿನ ಹತ್ತಿರ ನೋಲಿಚಕಿ ನದಿ ದಾಟುವ ಸೇತುವೆಯೇ ಕೊಚ್ಚಿಹೋಯಿತು. ಅದಕ್ಕೆ ಒಂದು ತಿಂಗಳು ಮೊದಲು ಅಚ್ಚಾದ ಪುಸ್ತಕ ಎಷ್ಟೇ ಶ್ರದ್ಧೆಯಿಂದ ಬರೆದದ್ದಾದರೂ ಆ ಜಾಗದಲ್ಲಿ ‘ಸೇತುವೆ ದಾಟಿ’ ಎಂದೇ ಹೇಳುತ್ತಿರುತ್ತದೆ.

ಪುಸ್ತಕವನ್ನು ಹಿಂದುಮುಂದು ತಿರುಗಿಸಿ ನೋಡುವುದು

ಮುಖಪುಟದ ಫೋಟೊ ಬಿಟ್ಟು ಮೊದಲು ಹಕ್ಕುಸ್ವಾಮ್ಯದ ಪುಟ ತೆರೆಯಿರಿ. ಅಲ್ಲಿ ಎರಡು ಬಗೆಯ ವರ್ಷಗಳಿರುತ್ತವೆ. ಮರುಮುದ್ರಣ ಎಂದರೆ ಅದೇ ಪುಟಗಳನ್ನು ಮತ್ತೆ ಅಚ್ಚು ಹಾಕಿದ್ದು. ಪರಿಷ್ಕೃತ ಆವೃತ್ತಿ ಎಂದರೆ ಯಾರೋ ಕೂತು ಬದಲಾಯಿಸಿದ್ದು. ‘2023’ ಎಂದು ದೊಡ್ಡದಾಗಿ ಕಂಡರೂ ಕೆಳಗೆ ‘ಮೂರನೆಯ ಆವೃತ್ತಿ 2014, ಮರುಮುದ್ರಣ 2017, 2020, 2023’ ಎಂದಿದ್ದರೆ ನಿಮ್ಮ ಕೈಯಲ್ಲಿರುವುದು 2014ರ ಮಾಹಿತಿ. ಅದರಲ್ಲೂ ಲೇಖಕರು ನಡೆದದ್ದು ಅಚ್ಚಿಗಿಂತ ಒಂದೆರಡು ವರ್ಷ ಮೊದಲೇ ಇರುತ್ತದೆ. ಕೆಲವು ಪ್ರಕಾಶಕರು ಮರುಮುದ್ರಣದಲ್ಲೂ ಸಣ್ಣಪುಟ್ಟ ತಿದ್ದುಪಡಿ ಸೇರಿಸಿ ‘ತಿದ್ದುಪಡಿಗಳೊಂದಿಗೆ’ ಎಂದು ನಮೂದಿಸುತ್ತಾರೆ. ಇನ್ನು ಕೆಲವರು ತಮ್ಮ ಸೈಟಿನಲ್ಲಿ ಪುಸ್ತಕವಾರು ತಿದ್ದುಪಡಿ ಪುಟ ಇಟ್ಟಿರುತ್ತಾರೆ. ಕೊಳ್ಳುವ ಮೊದಲು ಆ ಪುಟ ನೋಡಿ. ಉದ್ದ ತಿದ್ದುಪಡಿ ಪಟ್ಟಿ ಕಂಡು ಹೆದರಬೇಡಿ, ಪುಸ್ತಕದ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಎಂದರ್ಥ. ಏಳೆಂಟು ವರ್ಷದ ಪುಸ್ತಕಕ್ಕೆ ಒಂದೂ ತಿದ್ದುಪಡಿ ಇಲ್ಲದಿದ್ದರೆ ಅನುಮಾನಪಡಿ.

ಆಮೇಲೆ ಆ ದಾರಿಯ ಅತಿ ಕಷ್ಟದ ದಿನ ಯಾವುದು ಎಂದು ಕೇಳಿ ತಿಳಿದುಕೊಂಡು, ಮೂರೂ ಪುಸ್ತಕದಲ್ಲಿ ಆ ಒಂದೇ ದಿನದ ಪುಟಗಳನ್ನು ಓದಿ. ಮಾದರಿ ಪುಟಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಇಲ್ಲವೇ ಗ್ರಂಥಾಲಯದಲ್ಲಿ ನೋಡಬಹುದು. ಒಂದು ಪುಸ್ತಕ ಹೀಗೆ ಬರೆದಿರುತ್ತದೆ ಎಂದಿಟ್ಟುಕೊಳ್ಳಿ: ‘ಇಲ್ಲಿಂದ ದಾರಿ ದಟ್ಟ ಕಾಡಿನ ನಡುವೆ ಏರುತ್ತ ಮನಮೋಹಕ ನೋಟ ಕಾಣಿಸುತ್ತದೆ.’ ಇನ್ನೊಂದು: ‘ಮರದ ಸೇತುವೆ ದಾಟಿ 400 ಮೀ. ಆದ ಮೇಲೆ ಜೀಪ್ ರಸ್ತೆ ಬಿಟ್ಟು ಎಡಕ್ಕೆ ಕಾಲುದಾರಿ ಹಿಡಿಯಿರಿ. ಗುರುತು ಕಲ್ಲಿನ ಹಿಂಬದಿಯಲ್ಲಿದ್ದು ಬರುವಾಗ ಕಾಣಿಸುವುದಿಲ್ಲ. ನೇರ ಹೋಗುವ ಅಗಲ ರಸ್ತೆ ಕಲ್ಲುಕ್ವಾರಿಯಲ್ಲಿ ಮುಗಿಯುತ್ತದೆ.’ ಎರಡನೆಯದರಲ್ಲಿ ಮೂರು ಗುಣಗಳಿವೆ: ಅಳತೆ ಇದೆ, ತಿರುವು ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಜನ ಎಲ್ಲಿ ದಾರಿ ತಪ್ಪುತ್ತಾರೆ ಎಂಬುದಿದೆ. ತಪ್ಪು ದಾರಿ ಎಲ್ಲಿ ಮುಗಿಯುತ್ತದೆ ಎಂದು ಬರೆಯಬಲ್ಲವರು ಅಲ್ಲಿ ನಡೆದವರೇ. ನಕ್ಷೆ ನೋಡಿ ಮನೆಯಲ್ಲಿ ಕೂತು ಬರೆದವರಿಗೆ ಅದು ಹೊಳೆಯುವುದಿಲ್ಲ.

ಅದೇ ಪುಟಗಳಲ್ಲಿ ಏರು ಮತ್ತು ಇಳಿತ ಎರಡನ್ನೂ ಬೇರೆಬೇರೆ ಕೊಟ್ಟಿದ್ದಾರೆಯೇ ನೋಡಿ. ಆರಂಭದ ಮತ್ತು ಕೊನೆಯ ಎತ್ತರವನ್ನಷ್ಟೇ ಕೊಟ್ಟರೆ ನಡುವಿನ ನಾಲ್ಕು ಗುಡ್ಡಗಳು ಲೆಕ್ಕಕ್ಕೇ ಬರುವುದಿಲ್ಲ. ಹವೆ ಕೆಟ್ಟರೆ ಇಳಿದುಹೋಗುವ ದಾರಿ ಎಲ್ಲಿ, ಅಲ್ಲಿಂದ ಬಸ್ಸು ಸಿಗುವ ಊರು ಎಷ್ಟು ದೂರ ಎಂಬುದು ಇರಬೇಕು. ಇತಿಹಾಸ, ಹೂವು-ಹಕ್ಕಿ, ಊಟದ ವರ್ಣನೆ ಇದ್ದರೆ ಸಂತೋಷ, ಆದರೆ ಅದರ ಬಲದ ಮೇಲೆ ಪುಸ್ತಕ ಆರಿಸಬೇಡಿ.

ದಿಕ್ಕಿನ ವಿಷಯವನ್ನು ಬಹಳ ಜನ ಗಮನಿಸುವುದೇ ಇಲ್ಲ. ಪುಸ್ತಕ ಉತ್ತರದಿಂದ ದಕ್ಷಿಣಕ್ಕೆ ಬರೆದಿದ್ದು ನೀವು ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತಿದ್ದರೆ ಎಡ-ಬಲ ಅದಲುಬದಲಾಗುವುದಷ್ಟೇ ಅಲ್ಲ, ಸಮಯದ ಲೆಕ್ಕವೂ ಕೆಡುತ್ತದೆ, ಯಾಕೆಂದರೆ ಅವರ ಇಳಿಜಾರು ನಿಮಗೆ ಏರು. ಇನ್ನೊಂದು ತೊಡಕೂ ಇದೆ: ಮುಂದೆ ಹೋಗುವಾಗ ಕವಲು ಇಲ್ಲದಂತೆ ಕಾಣುವ ಜಾಗ ಎದುರು ದಿಕ್ಕಿನಿಂದ ಬರುವವರಿಗೆ ಕವಲಾಗಿರುತ್ತದೆ, ಅದರ ಬಗ್ಗೆ ಪುಸ್ತಕದಲ್ಲಿ ಒಂದಕ್ಷರವೂ ಇರುವುದಿಲ್ಲ. ಅಪಲಾಚಿಯನ್ ಟ್ರೇಲ್‌ನಂಥ ಕಡೆ ಉತ್ತರಮುಖಿಗಳಿಗೂ ದಕ್ಷಿಣಮುಖಿಗಳಿಗೂ ಬೇರೆಬೇರೆ ಮುದ್ರಣ ಸಿಗುತ್ತದೆ. ಅಂಥ ಅನುಕೂಲ ಇಲ್ಲದಿದ್ದರೆ ನಿಮ್ಮ ದಿಕ್ಕಿನಲ್ಲಿ ಬರೆದ ಪುಸ್ತಕಕ್ಕೇ ಮೊದಲ ಆದ್ಯತೆ ಕೊಡಿ, ಅದು ಎರಡು ವರ್ಷ ಹಳೆಯದಾದರೂ ಸರಿ.

‘ದಿನ 1, ದಿನ 2’ ಎಂದು ಹಂಚಿಕೊಟ್ಟ ಪುಸ್ತಕ ಹೊಸಬರಿಗೆ ಹಿತವೆನಿಸುತ್ತದೆ. 40 ದಿನದ ನಡಿಗೆಯಲ್ಲಿ ಮೂರನೆಯ ದಿನಕ್ಕೇ ನಿಮ್ಮ ಹಂಚಿಕೆ ಲೇಖಕರ ಹಂಚಿಕೆಯಿಂದ ಬೇರೆಯಾಗಿರುತ್ತದೆ. ಆದ್ದರಿಂದ ಆರಂಭದಿಂದ ಲೆಕ್ಕ ಹಾಕಿದ ಸಂಚಿತ ದೂರ ಕೊಡುವ ಪುಸ್ತಕ ಬೇಕು. 214.6ರಲ್ಲಿ ನೀರು, 226.4ರಲ್ಲಿ ಡೇರೆ ಜಾಗ ಎಂದಿದ್ದರೆ ನಡುವಿನ ದೂರ 11.8 ಕಿ.ಮೀ. ಎಂದು ಕಳೆದು ತೆಗೆಯಬಹುದು. ‘ದಿನ 9: 21 ಕಿ.ಮೀ.’ ಎಂದಷ್ಟೇ ಇದ್ದರೆ ಅರ್ಧದಲ್ಲಿ ನಿಲ್ಲಬೇಕಾದಾಗ ಅದು ಉಪಯೋಗಕ್ಕೆ ಬರುವುದಿಲ್ಲ.

ಗಂಟೆಗಳ ಲೆಕ್ಕ ಹೇಗೆ ಹಾಕಿದ್ದಾರೆ?

ಪುಸ್ತಕದ ಮುನ್ನುಡಿಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಇದು ಬರೆದಿರುತ್ತದೆ. ಹುಡುಕಿ ಓದಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್ಸ್‌ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಚಲಾವಣೆಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. ಜರ್ಮನ್ ಭಾಷೆಯ ಆಲ್ಪ್ಸ್ ಪ್ರದೇಶದಲ್ಲಿ ಬಳಕೆಯಲ್ಲಿರುವ ಇನ್ನೊಂದು ಲೆಕ್ಕದಲ್ಲಿ ಗಂಟೆಗೆ ಮಟ್ಟಸ ದೂರ 4 ಕಿ.ಮೀ., ಏರು 300 ಮೀ., ಇಳಿತ 500 ಮೀ. ಮಟ್ಟಸದ ಸಮಯವನ್ನೂ ಏರಿಳಿತದ ಸಮಯವನ್ನೂ ಬೇರೆಬೇರೆ ತೆಗೆದು, ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸುತ್ತಾರೆ.

18 ಕಿ.ಮೀ. ದೂರ, 900 ಮೀ. ಏರು, 500 ಮೀ. ಇಳಿತ ಇರುವ ಒಂದು ದಿನ ತೆಗೆದುಕೊಳ್ಳಿ. ನೇಯ್ಸ್‌ಮಿತ್ ಪ್ರಕಾರ 3.6 ಗಂಟೆಗೆ 1.5 ಕೂಡಿ 5 ಗಂಟೆ 6 ನಿಮಿಷ. ಎರಡನೆಯ ಲೆಕ್ಕದಲ್ಲಿ ಮಟ್ಟಸಕ್ಕೆ 4.5 ಗಂಟೆ, ಏರಿಳಿತಕ್ಕೆ 3 ಮತ್ತು 1 ಸೇರಿ 4 ಗಂಟೆ, 4.5ಕ್ಕೆ 4ರ ಅರ್ಧ ಕೂಡಿ ಆರೂವರೆ ಗಂಟೆ. ಅದೇ ದಾರಿ, ಅದೇ ಕಾಲು, ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಎರಡರಲ್ಲೂ ಕೂತು ಸುಧಾರಿಸಿಕೊಳ್ಳುವ, ಊಟದ, ಫೋಟೊದ ಹೊತ್ತು ಸೇರಿಲ್ಲ. ಬೆನ್ನಿಗೆ 14-15 ಕಿಲೊ ಇದ್ದರೆ ನೇಯ್ಸ್‌ಮಿತ್ ಲೆಕ್ಕ ಬಹುತೇಕರಿಗೆ ಕೈಗೆಟುಕುವುದಿಲ್ಲ.

ಹಾಗಾಗಿ ಪುಸ್ತಕದ ಗಂಟೆಗಳನ್ನು ಹಾಗೇ ನಂಬದೆ ನಿಮ್ಮ ಗುಣಾಂಕ ಕಂಡುಹಿಡಿಯಿರಿ. ಮೊದಲ ನಾಲ್ಕು ದಿನ ಪುಸ್ತಕದ ಸಮಯ ಮತ್ತು ನಿಮ್ಮ ನಡೆದ ಸಮಯವನ್ನು ಅಕ್ಕಪಕ್ಕ ಬರೆದು ಭಾಗಿಸಿ. 1.25 ಬಂದರೆ ಮುಂದಿನ ಎಲ್ಲ ಸಂಖ್ಯೆಗಳನ್ನೂ ಅದರಿಂದ ಗುಣಿಸಿ. ಒಬ್ಬರೇ ಲೇಖಕರ ಪುಸ್ತಕದಲ್ಲಿ ಈ ಗುಣಾಂಕ ಕೊನೆಯವರೆಗೂ ಹೆಚ್ಚುಕಮ್ಮಿ ನಿಲ್ಲುತ್ತದೆ. ಹಲವರು ಭಾಗ ಭಾಗ ಬರೆದ ಪುಸ್ತಕದಲ್ಲಿ ಅಧ್ಯಾಯಕ್ಕೊಂದು ಥರ ಆಗುತ್ತದೆ. ಒಬ್ಬರೇ ನಡೆದು ಬರೆದ ಪುಸ್ತಕ ವಾಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ವರ್ಣನೆಯೇ ಇಲ್ಲದ, ಬರೀ ಕೋಷ್ಟಕ ಮತ್ತು ಏರಿಳಿತದ ಗೆರೆಚಿತ್ರ ಇರುವ ಡೇಟಾ ಪುಸ್ತಕಗಳೂ ಕೆಲವು ದಾರಿಗಳಿಗೆ ಸಿಗುತ್ತವೆ. ಗುರುತು ಚೆನ್ನಾಗಿರುವ ದಾರಿಯಲ್ಲಿ ಹೊತ್ತೊಯ್ಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಇಂಥದ್ದನ್ನು ಹಳೆಯದು ಕೊಳ್ಳಲೇಬೇಡಿ. ದಾರಿಯನ್ನು ಅಲ್ಲಲ್ಲಿ ಬದಲಿಸಿದಂತೆ ಅಪಲಾಚಿಯನ್ ಟ್ರೇಲ್‌ನ ಅಧಿಕೃತ ಉದ್ದ ವರ್ಷ ವರ್ಷ ಅಷ್ಟಿಷ್ಟು ಬದಲಾಗುತ್ತದೆ. ಆರಂಭದಲ್ಲಿ ಮೂರು ಕಿ.ಮೀ. ಸೇರಿದರೆ ಅದರಾಚೆಯ ಸಂಚಿತ ಸಂಖ್ಯೆಗಳೆಲ್ಲ ಮೂರು ಕಿ.ಮೀ. ಸರಿಯುತ್ತವೆ. ಒಂದು ವರ್ಷದ ಪುಸ್ತಕ, ಇನ್ನೊಂದು ವರ್ಷದ ಆ್ಯಪ್ ಇಟ್ಟುಕೊಂಡವರು ‘ಇಲ್ಲೇ ಇರಬೇಕಿತ್ತಲ್ಲ ಒರತೆ’ ಎಂದು ಹುಡುಕಾಡುವುದು ಇದರಿಂದಲೇ. ನಿಮ್ಮ ಮೂರು ಪುಸ್ತಕಗಳ ದೂರ ಹೊಂದದಿರುವುದಕ್ಕೂ ಇದು ಒಂದು ಕಾರಣವಿರಬಹುದು. ಮೂರರಿಂದಲೂ ಅದೇ ಎರಡು ಊರುಗಳ ನಡುವಿನ ದೂರ ತೆಗೆದು ಹೋಲಿಸಿ. ಒಟ್ಟು ಹೊಂದದಿದ್ದರೂ ನಡುವಿನ ದೂರಗಳು ಬಹಳ ಕಡೆ ಹೊಂದುತ್ತವೆ. ಹೊಂದದ ತುಂಡು ಎಲ್ಲಿದೆಯೋ ಅಲ್ಲಿ ದಾರಿ ಬದಲಾಗಿದೆ.

ನಕ್ಷೆ

1:25,000 ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 250 ಮೀ.; 1:50,000ದಲ್ಲಿ 500 ಮೀ.; 1:1,00,000ದಲ್ಲಿ 1 ಕಿ.ಮೀ. ನಿಮ್ಮ 800 ಕಿ.ಮೀ. ದಾರಿ ಮೊದಲನೆಯದರಲ್ಲಿ 32 ಮೀಟರ್ ಉದ್ದದ ಕಾಗದ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 8. ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ 1:50,000 ಹಾಳೆ ಒಂದಕ್ಕೆ 40 ಕಿ.ಮೀ. ಉದ್ದ, 40 ಕಿ.ಮೀ. ಅಗಲದ ಜಾಗ ತೋರಿಸುತ್ತದೆ. ಅಂಥದ್ದೇ ಆದರೂ ನೇರ ದಾರಿಗೇ 20 ಹಾಳೆ ಬೇಕು, ದಾರಿ ಯಾವತ್ತೂ ನೇರ ಇರುವುದಿಲ್ಲ. ಅಷ್ಟೂ ಹೊರುವುದು ಆಗದ ಮಾತು.

ವ್ಯಾವಹಾರಿಕ ಪರಿಹಾರ ಹೀಗೆ. ಇಡೀ ದಾರಿಗೆ 1:1,00,000 ಅಥವಾ ಅದಕ್ಕೂ ಸಣ್ಣ ಪ್ರಮಾಣದ ನಕ್ಷೆ ಕಾಗದದಲ್ಲಿ. ಅದರ ಕೆಲಸ ಒಂದೇ: ದಾರಿ ಬಿಟ್ಟು ಇಳಿಯಬೇಕಾಗಿ ಬಂದರೆ ಯಾವ ಕಣಿವೆ ಯಾವ ಊರಿಗೆ ಹೋಗುತ್ತದೆ ಎಂದು ತಿಳಿಯುವುದು. ಗುರುತು ಸರಿಯಿಲ್ಲದ, ಎತ್ತರದ, ಮಂಜು ಕವಿಯುವ ಭಾಗಗಳಿಗಷ್ಟೇ 1:25,000 ಇಲ್ಲವೇ 1:50,000 ಹಾಳೆ. ಉಳಿದದ್ದು ಫೋನಿನಲ್ಲಿ. ಪುಸ್ತಕದೊಳಗಿನ ಪಟ್ಟಿ ನಕ್ಷೆಗಳು ದಾರಿಯ ಎರಡೂ ಬದಿ ಒಂದೆರಡು ಕಿಲೊಮೀಟರನ್ನಷ್ಟೇ ತೋರಿಸುತ್ತವೆ. ದಾರಿಯ ಮೇಲೆ ಇರುವವರೆಗೆ ಚೆನ್ನ, ದಾರಿ ತಪ್ಪಿದ ಕ್ಷಣ ನೀವು ಆ ನಕ್ಷೆಯ ಹೊರಗೆ ಇರುತ್ತೀರಿ. ಅಂದರೆ ನಕ್ಷೆ ನಿಜಕ್ಕೂ ಬೇಕಾದ ಹೊತ್ತಿಗೆ ಅದು ಇರುವುದಿಲ್ಲ.

ನಕ್ಷೆಯ ಅಂಚಿನಲ್ಲಿ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ಅಂತರ ಎಷ್ಟು ಎಂದು ನೋಡಿ. 20 ಮೀ. ಅಂತರದ ನಕ್ಷೆಯಲ್ಲಿ 15 ಮೀ. ಎತ್ತರದ ಬಂಡೆಗೋಡೆ ಎರಡು ರೇಖೆಗಳ ನಡುವೆ ಅಡಗಿಹೋಗಬಹುದು. ಅದೇ ಅಂಚಿನಲ್ಲಿ ಸಮೀಕ್ಷೆಯ ವರ್ಷವೂ ಕಾಂತೀಯ ಉತ್ತರದ ಕೋನವೂ (ದಿಕ್ಸೂಚಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ವ್ಯತ್ಯಾಸ) ಇರುತ್ತವೆ. ಕಾಂತೀಯ ಉತ್ತರ ನಿಧಾನವಾಗಿ ಸರಿಯುತ್ತಿರುವುದರಿಂದ ಹಳೆಯ ನಕ್ಷೆಯ ಕೋನವನ್ನು ಹಾಗೇ ದಿಕ್ಸೂಚಿಗೆ ಹಾಕಬೇಡಿ, ಹೊರಡುವ ಮೊದಲು ಆ ಜಾಗದ ಈಗಿನ ಕೋನ ನೋಡಿ ಅಂಚಿನಲ್ಲಿ ಬರೆದುಕೊಳ್ಳಿ.

ಪುಕ್ಕಟೆ ಜಿಪಿಎಕ್ಸ್, ಮತ್ತು ಆ್ಯಪ್

ಜಿಪಿಎಕ್ಸ್ ಫೈಲುಗಳಲ್ಲಿ ಎರಡು ಕುಲ: ನಡೆದು ದಾಖಲಿಸಿದ್ದು, ಕಂಪ್ಯೂಟರಿನಲ್ಲಿ ಗೆರೆ ಎಳೆದದ್ದು. ಫೈಲನ್ನು ಯಾವುದಾದರೂ ನಕ್ಷೆ ತಂತ್ರಾಂಶದಲ್ಲಿ ತೆರೆದು ಜೂಮ್ ಮಾಡಿ. ನಡೆದದ್ದಾದರೆ ಗೆರೆ ಸ್ವಲ್ಪ ನಡುಗುತ್ತಿರುತ್ತದೆ, ಕೂತ ಕಡೆ ಬಿಂದುಗಳು ಗುಂಪಾಗಿರುತ್ತವೆ, ಪ್ರತಿ ಬಿಂದುವಿಗೂ ಸಮಯ ಇರುತ್ತದೆ. ಎಳೆದದ್ದಾದರೆ ಬಿಂದುಗಳ ನಡುವೆ ಉದ್ದ ಸರಳರೇಖೆಗಳು, ಸಮಯ ಇಲ್ಲ, ಅಂಕುಡೊಂಕಿನ ಏರಿನಲ್ಲಿ ಗೆರೆ ಮೂಲೆಗಳನ್ನು ಕತ್ತರಿಸಿಕೊಂಡು ನೇರ ಹೋಗುತ್ತದೆ. ದೂರ ಕಡಿಮೆ ತೋರುವುದು ಈ ಕತ್ತರಿಸಿದ ಮೂಲೆಗಳಿಂದ. ಇಳಿಜಾರಿನ ಕಾರಣಕ್ಕೆ ದೂರ ಹೆಚ್ಚಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದರ ಪಾಲು ಬಹಳ ಕಡಿಮೆ: 100 ಮೀ.ಗೆ 20 ಮೀ. ಏರುವ ಕಡಿದಾದ ದಾರಿಯಲ್ಲೂ ನಡೆಯುವ ದೂರ ನಕ್ಷೆಯ ದೂರಕ್ಕಿಂತ ಶೇ. 2ರಷ್ಟೇ ಹೆಚ್ಚು.

ನಡೆದ ಫೈಲೇ ಶ್ರೇಷ್ಠ ಎಂದೂ ಅಲ್ಲ. ಅದರಲ್ಲಿ ಆ ಮನುಷ್ಯ ದಾರಿ ತಪ್ಪಿ ಹಿಂದಿರುಗಿದ್ದು, ಅಂಗಡಿ ಹುಡುಕಿಕೊಂಡು ಹೋದದ್ದು ಎಲ್ಲ ಸೇರಿರುತ್ತದೆ. ಒಟ್ಟು ಏರಿನ ಸಂಖ್ಯೆಯೂ ಹಾಗೇ. ಜಿಪಿಎಸ್ ಎತ್ತರದ ನಡುಕವನ್ನೆಲ್ಲ ಕೂಡಿದರೆ ಏರು ಉಬ್ಬುತ್ತದೆ, ತಂತ್ರಾಂಶ ಅದನ್ನು ನಯಗೊಳಿಸಿದರೆ ಸಣ್ಣ ಗುಡ್ಡಗಳು ಮಾಯವಾಗುತ್ತವೆ. ಒಂದೇ ದಾರಿಗೆ ಎರಡು ಆ್ಯಪ್‌ಗಳು ಶೇ. 10-20ರಷ್ಟು ಬೇರೆ ಏರು ತೋರಿಸಿದರೆ ಆಶ್ಚರ್ಯಪಡಬೇಕಿಲ್ಲ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದರಲ್ಲೇ ಹೋಲಿಸಿ.

ಉಸ್ತುವಾರಿ ಸಂಸ್ಥೆಯೇ ಜಿಪಿಎಕ್ಸ್ ಕೊಡುತ್ತಿದ್ದರೆ ಅದನ್ನೇ ಇಳಿಸಿಕೊಳ್ಳಿ. 800 ಕಿ.ಮೀ.ಯ ಒಂದೇ ಫೈಲನ್ನು ಹಳೆಯ ಕೈ ಜಿಪಿಎಸ್‌ಗೆ ಹಾಕಿದರೆ ಒಂದು ಟ್ರ್ಯಾಕಿಗೆ ಇಷ್ಟೇ ಬಿಂದು ಎಂಬ ಮಿತಿ ಮೀರಿ ಬಾಲ ಕತ್ತರಿಸಿಹೋಗುತ್ತದೆ. ಅದು ಗೊತ್ತಾಗುವುದು ಅಲ್ಲಿಗೆ ತಲುಪಿದ ಮೇಲೆ. ಸಾಮಾನು ತುಂಬಿಕೊಳ್ಳುವ ಊರಿಂದ ಊರಿಗೆ ತುಂಡು ಮಾಡಿ ಹಾಕಿ.

ಆ್ಯಪ್‌ಗಳಲ್ಲಿ ದೂರದ ಚಾರಣಿಗರು ಹೆಚ್ಚು ಬಳಸುವುದು ಫಾರ್‌ಔಟ್. 2021ರವರೆಗೆ ಅದರ ಹೆಸರು ಗಟ್‌ಹುಕ್. ನಿಮ್ಮ ದಾರಿ ಅದರಲ್ಲಿ ಇದ್ದರೆ ಅದರ ನಿಜವಾದ ಬೆಲೆ ನಕ್ಷೆಯದಲ್ಲ, ಪ್ರತಿ ಒರತೆ, ಡೇರೆ ಜಾಗ, ಊರಿನ ಕೆಳಗೆ ನಡೆದವರು ಬರೆದ ಟಿಪ್ಪಣಿಯದು. ಅದನ್ನು ಓದುವುದಕ್ಕೂ ಒಂದು ಕ್ರಮವಿದೆ. ತಾರೀಖು ಇಲ್ಲದೆ ಟಿಪ್ಪಣಿಗೆ ಬೆಲೆಯಿಲ್ಲ. ‘ಚೆನ್ನಾಗಿ ಹರಿಯುತ್ತಿದೆ’ ಎಂದು ಜೂನ್ ಮೊದಲ ವಾರ ಬರೆದಿದ್ದರೆ ಬೇಸಿಗೆ ಏರುತ್ತಿರುವ ಜುಲೈ ಕೊನೆಗೆ ಅದು ಏನನ್ನೂ ಹೇಳುವುದಿಲ್ಲ. ಆದರೆ ಜೂನ್‌ನಲ್ಲೇ ‘ಒಣಗಿದೆ’ ಎಂದಿದ್ದರೆ, ನಡುವೆ ಮಳೆ ಬರದಿದ್ದರೆ, ಜುಲೈನಲ್ಲೂ ಒಣಗಿಯೇ ಇರುತ್ತದೆ. ಹಿಂದಿನ ಮೂರು ವರ್ಷಗಳ ಇದೇ ವಾರದ ಟಿಪ್ಪಣಿಗಳನ್ನು ಒಟ್ಟಿಗೆ ಓದಿ, ಒರತೆಯ ಸ್ವಭಾವ ತಿಳಿಯುತ್ತದೆ. ಟಿಪ್ಪಣಿಗಳು ನೆಟ್‌ವರ್ಕ್ ಇದ್ದಾಗಷ್ಟೇ ಹೊಸದಾಗುತ್ತವೆ. ಊರು ಬಿಡುವ ಮೊದಲು ಮುಂದಿನ ಊರಿನವರೆಗಿನದನ್ನು ಇಳಿಸಿಕೊಳ್ಳುವುದು ಮರೆಯಬಾರದು.

ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಪುಕ್ಕಟೆ ಆ್ಯಪ್‌ಗಳೂ ಒಳ್ಳೆಯವೇ. ಆದರೆ ಅದರಲ್ಲಿ ಗೆರೆ ಎಳೆಯುವವರು ನಮ್ಮ ನಿಮ್ಮಂಥ ಸ್ವಯಂಸೇವಕರು. ಉಪಗ್ರಹ ಚಿತ್ರ ನೋಡಿ ಎಳೆದ ಕಾಲುದಾರಿ ದನದ ಜಾಡಾಗಿರಬಹುದು, ಖಾಸಗಿ ಜಮೀನಾಗಿರಬಹುದು. ಗೆರೆ ಇದೆ ಎಂದರೆ ಹೋಗಲು ಅನುಮತಿ ಇದೆ ಎಂದಲ್ಲ.

ಯಾವ ಆ್ಯಪ್ ಆದರೂ ಮನೆಯಲ್ಲೇ ಪರೀಕ್ಷೆ ಮಾಡಿ. ನಕ್ಷೆ ಇಳಿಸಿದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಫ್ ಮಾಡಿ ಮತ್ತೆ ಆನ್ ಮಾಡಿ. ಆ್ಯಪ್ ತೆರೆದು ದಾರಿಯ ಐದಾರು ಕಡೆ, ಅದರಲ್ಲೂ ಎರಡು ಭಾಗಗಳು ಸೇರುವ ಕಡೆ, ಕಾಲುದಾರಿ ಕಾಣುವವರೆಗೂ ಜೂಮ್ ಮಾಡಿ. ಚೌಕ ಚೌಕವಾಗಿ ಮಸುಕಾದರೆ ಆ ತುಂಡು ಇಳಿದಿಲ್ಲ. ಲಾಗಿನ್ ಕೇಳಿದರೆ ಅಂಥ ಆ್ಯಪನ್ನು ಬೆಟ್ಟದಲ್ಲಿ ನಂಬುವಂತಿಲ್ಲ. ಬಯಲಿಗೆ ಹೋಗಿ ನೀಲಿ ಚುಕ್ಕಿ ಬರುತ್ತದೆಯೇ ನೋಡಿ. ಏರೋಪ್ಲೇನ್ ಮೋಡ್‌ನಲ್ಲೂ ಈಗಿನ ಬಹುತೇಕ ಫೋನುಗಳ ಜಿಪಿಎಸ್ ಕೆಲಸ ಮಾಡುತ್ತದೆ, ಬ್ಯಾಟರಿಯೂ ಬಹಳ ಉಳಿಯುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 4,000ದ ಫೋನನ್ನು ಎರಡೂವರೆ ಸಲ ತುಂಬುತ್ತದೆ ಎಂದು ಲೆಕ್ಕ ಹಾಕಬೇಡಿ. ಆ ಸಂಖ್ಯೆ ಒಳಗಿನ ಸೆಲ್‌ನ 3.7 ವೋಲ್ಟ್‌ನದು. ಹೊರಗೆ 5 ವೋಲ್ಟ್‌ಗೆ ಏರಿಸುವಾಗ, ಬಿಸಿಯಾಗಿ ಸೋರುವುದನ್ನೂ ಕಳೆದರೆ 6,000-7,000 ಸಿಗುತ್ತದೆ. ಚಳಿಯಲ್ಲಿ ಇನ್ನೂ ಕಡಿಮೆ.

ವಿಡಿಯೊ ಮತ್ತು ಅನುಭವ ಕಥನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲ ಹೇಗಿದೆ, ಗುರುತು ಹೇಗೆ ಕಾಣುತ್ತದೆ ಎಂದು ತಿಳಿಯಲು ನೋಡಿ. ಕ್ಯಾಮೆರಾ ಇಳಿಜಾರನ್ನು ಚಪ್ಪಟೆ ಮಾಡುತ್ತದೆ, ಕಡಿದಾದ ಜಾಗವೂ ಸಲೀಸಾಗಿ ಕಾಣುತ್ತದೆ. ಯಾವ ವರ್ಷದ್ದು ಎಂಬುದನ್ನಂತೂ ಕಡ್ಡಾಯವಾಗಿ ಗಮನಿಸಿ. ಕ್ಯಾಲಿಫೋರ್ನಿಯಾದ ಪರ್ವತಗಳಲ್ಲಿ 2015ರ ಏಪ್ರಿಲ್ ಆರಂಭಕ್ಕೆ ಇದ್ದ ಹಿಮ ಸರಾಸರಿಯ ಶೇ. 5ರಷ್ಟು, 2023ರಲ್ಲಿ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು. ಮೊದಲನೆಯ ವರ್ಷ ನಡೆದವರ ಮಾತು ಕೇಳಿ ಎರಡನೆಯ ವರ್ಷ ಹೊರಟಿದ್ದರೆ ಹಿಮಗೊಡಲಿ ಇಲ್ಲದೆ ಹೆಜ್ಜೆ ಇಡಲಾಗುತ್ತಿರಲಿಲ್ಲ.

ಎಲ್ಲವನ್ನೂ ಒಂದು ಹಾಳೆಗೆ ಇಳಿಸುವುದು

ಸ್ಪ್ರೆಡ್‌ಶೀಟ್ ಒಂದನ್ನು ತೆರೆದು ಸಂಚಿತ ದೂರ, ಜಾಗ, ಎತ್ತರ, ನೀರು, ತಂಗುದಾಣ, ಅಂಗಡಿ, ಇಳಿದುಹೋಗುವ ದಾರಿ ಎಂದು ಅಂಕಣ ಮಾಡಿ. ಕೊನೆಯ ಅಂಕಣ ಮುಖ್ಯ: ಈ ಮಾಹಿತಿ ಎಲ್ಲಿಂದ, ಯಾವ ತಾರೀಖಿನದು. ಒಂದು ಸಾಲು ಹೀಗಿರಬಹುದು: ‘214.6, ಕಲ್ಲು ಸೇತುವೆ, 1,140 ಮೀ.; ಹಳ್ಳ, ಆಗಸ್ಟ್‌ನಲ್ಲಿ ಅನುಮಾನ; ಮುಂದಿನ ನೀರು 11.8 ಕಿ.ಮೀ.; ಪುಸ್ತಕ 2022, ಆ್ಯಪ್ ಜುಲೈ 9.’ ಈ ಸಾಲು ನೋಡಿದರೆ ಸಾಕು, ಸೇತುವೆಯಲ್ಲಿ ನೀರು ಸಿಗದೇ ಹೋಗಬಹುದು, ಹಾಗಾದರೆ ಹಿಂದಿನ ಮೂಲದಿಂದಲೇ ತುಂಬಿಕೊಂಡು ಬರಬೇಕು ಎಂದು ಗೊತ್ತಾಗುತ್ತದೆ. ಏರು ದಾರಿಯಲ್ಲಿ 11.8 ಕಿ.ಮೀ.ಗೆ ನಾಲ್ಕು ಗಂಟೆ, ಗಂಟೆಗೆ ಅರ್ಧ ಲೀಟರ್‌ನಂತೆ 2 ಲೀಟರ್. ಸೆಖೆಯಾದರೆ ಅದರ ಎರಡು ಪಟ್ಟು. ಆಹಾರಕ್ಕೂ ಇದೇ ಹಾಳೆ: ಎರಡು ಅಂಗಡಿಗಳ ನಡುವೆ 160 ಕಿ.ಮೀ. ಇದ್ದು ನೀವು ದಿನಕ್ಕೆ 22 ಕಿ.ಮೀ. ನಡೆದರೆ ಏಳೂ ಕಾಲು ದಿನ, ಅಂದರೆ ಎಂಟು ದಿನದ ಊಟ. ದಿನಕ್ಕೆ 800 ಗ್ರಾಂ ಒಣ ಆಹಾರವೆಂದರೂ 6 ಕಿಲೊ ದಾಟುತ್ತದೆ. ಅಂಗಡಿಯ ವಾರದ ರಜೆ ಯಾವತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಹಾಳೆ ತುಂಬುವಾಗ ಮೂಲಗಳು ಜಗಳವಾಡುತ್ತವೆ. ಮುಚ್ಚಿದೆಯೋ ತೆರೆದಿದೆಯೋ ಎಂಬಲ್ಲಿ ಅಧಿಕೃತ ಸೂಚನೆಯೇ ಕೊನೆಯ ಮಾತು, ‘ನಾವು ನುಸುಳಿಕೊಂಡು ಹೋದೆವು’ ಎಂಬ ಟಿಪ್ಪಣಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನೀರಿಗೆ ಹೊಸ ಟಿಪ್ಪಣಿ. ತಂಗುದಾಣಕ್ಕೆ ಪುಸ್ತಕವೂ ಬೇಡ, ಆ್ಯಪೂ ಬೇಡ, ನೇರ ಫೋನ್ ಮಾಡಿ. ಜಾಡಿನ ವಿಷಯದಲ್ಲಿ ಪುಸ್ತಕ ಒಂದು ಹೇಳಿ ನೆಲದ ಮೇಲಿನ ಗುರುತು ಇನ್ನೊಂದು ಕಡೆ ತೋರಿಸಿದರೆ ಸಾಮಾನ್ಯವಾಗಿ ಗುರುತೇ ಹೊಸದು. ಆದರೆ ಅದು ನಿಮ್ಮದೇ ದಾರಿಯ ಗುರುತೇ ಎಂದು ಖಚಿತಪಡಿಸಿಕೊಳ್ಳಿ. ಫ್ರಾನ್ಸಿನಲ್ಲಿ ಎಲ್ಲ ಜಿಆರ್ ದಾರಿಗಳಿಗೂ ಒಂದೇ ಬಿಳಿ-ಕೆಂಪು ಪಟ್ಟಿ. ಎರಡು ಜಿಆರ್‌ಗಳು ಕೂಡಿ ಅಗಲುವ ಕಡೆ ಬಣ್ಣ ನೋಡಿಕೊಂಡು ಹೋದವರು ಸಲೀಸಾಗಿ ಪಕ್ಕದ ದಾರಿ ಹಿಡಿಯುತ್ತಾರೆ. ಇಂಥ ಕೂಡುಗಳನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಂಡು, ಅಲ್ಲಿ ನಿಂತು ಫಲಕದ ಸಂಖ್ಯೆ ಓದುವುದು ಒಳ್ಳೆಯದು.

ಪುಸ್ತಕವನ್ನು ಹೊರಬೇಕೇ ಎಂದರೆ, ಇಡಿಯಾಗಿ ಬೇಡ. 300-400 ಗ್ರಾಂ ತೂಗುವ ಪುಸ್ತಕದಲ್ಲಿ ದಾರಿಯಲ್ಲಿ ಬೇಕಾಗುವುದು ಅರ್ಧ. ಬೆನ್ನು ಕತ್ತರಿಸಿ ಭಾಗಗಳಾಗಿ ಬಿಡಿಸಿ, ಪ್ರತಿ ಭಾಗಕ್ಕೂ ಅಂಚಿಗೆ ಟೇಪು ಹಚ್ಚಿ, ಈಗಿನ ಭಾಗ ಜಿಪ್ ಚೀಲದಲ್ಲಿ ಜೇಬಿಗೆ. ಮುಂದಿನವು ಅಂಚೆಯಲ್ಲಿ ಮುಂದಿನ ಊರಿಗೆ. ಕತ್ತರಿಸಲು ಮನಸ್ಸು ಬಾರದಿದ್ದರೆ ಪುಟಗಳ ಫೋಟೊ ತೆಗೆದು ಆಲ್ಬಂ ಮಾಡಿ. ಆದರೆ ಕಷ್ಟದ ನಾಲ್ಕೈದು ದಿನಗಳ ಪುಟಗಳು ಕಾಗದದಲ್ಲೇ ಇರಲಿ, ಯಾಕೆಂದರೆ ಫೋನ್ ಒದ್ದೆಯಾಗುವುದೂ ಕೈ ಮರಗಟ್ಟಿ ಟಚ್ ಕೆಲಸ ಮಾಡದಿರುವುದೂ ಅಂಥ ದಿನವೇ. ಹಾಳೆಯ ಒಂದು ಪ್ರತಿಯನ್ನು, ನೀವು ಯಾವ ದಿನ ಯಾವ ಊರಿನಿಂದ ಸುದ್ದಿ ಮುಟ್ಟಿಸುತ್ತೀರಿ ಎಂದು ಗುರುತು ಹಾಕಿ, ಮನೆಯಲ್ಲಿ ಒಬ್ಬರಿಗೆ ಕೊಟ್ಟಿರಿ.

ಹಳೆಯ ಆವೃತ್ತಿ ಕಡಿಮೆ ಬೆಲೆಗೆ ಸಿಕ್ಕರೆ, ಅದರ ಹಿನ್ನೆಲೆ ಅಧ್ಯಾಯಗಳು ಮತ್ತು ಜಾಗಗಳ ವಿವರಣೆಗಾಗಿ ಕೊಳ್ಳಬಹುದು. ದೂರ, ನೀರು, ಫೋನ್ ನಂಬರುಗಳನ್ನು ಮಾತ್ರ ಅದರಿಂದ ನಿಮ್ಮ ಹಾಳೆಗೆ ಇಳಿಸಬೇಡಿ. ಪರ್ಮಿಟ್ ಬೇಕಾದ ದಾರಿಯಾದರೆ ಈ ಕೆಲಸವನ್ನೆಲ್ಲ ಹೊರಡುವ ಎಂಟು ತಿಂಗಳ ಮೊದಲೇ ಶುರು ಮಾಡಿ. ಬೇಡವಾದರೆ ಮೂರು ತಿಂಗಳು ಸಾಕು. ಹೊರಡುವ ಹಿಂದಿನ ವಾರ ಹಾಳೆಯ ಕೊನೆಯ ಅಂಕಣವನ್ನು ತಾರೀಖಿನ ಪ್ರಕಾರ ಜೋಡಿಸಿ, ಅತಿ ಹಳೆಯ ಹತ್ತು ಸಾಲುಗಳನ್ನು ಇನ್ನೊಮ್ಮೆ ವಿಚಾರಿಸಿ ನೋಡಿ.